ಹನ್ನೆರಡರಲ್ಲಿ ಹನ್ನೊಂದು

ಜೈಲು, ಸುವಾ ಹತ್ತಿರ
೧೪ ಏಪ್ರಿಲ್ ೨೦೧೩

ಪ್ರೀತಿಯ ಭಾವ ಅಪೊರೋಸಾ,

ಈ ಪತ್ರವನ್ನು ನಿನಗಿಂತ ಮೊದಲು ಇಲ್ಲಿನ ಕಚೇರಿಯ ಸಾಹೇಬರು ಓದುತ್ತಾರೆ. ಅವರಿಗೂ ಒಂದು ನಮಸ್ಕಾರ. ಸಾಹೇಬರೇ, ನಮ್ಮ ಭಾವ ಕಂಡಾವು ದ್ವೀಪದವನು. ಅಲ್ಲಿಯ ಜನ ಬೆಳಿಗ್ಗೆಯಿಂದ ಯಂಗೋನಾ ಬೇರು ಕುಟ್ಟಿ ಕುಡಿದು, ಸಂಜೆ ಹೊತ್ತಿಗೆ ತಮ್ಮ ಮನೆ ಯಾವುದೆಂದು ಪಕ್ಕದವರನ್ನು ಕೇಳುತ್ತಾರೆ. ಅವನ ಉತ್ತರ ತಡವಾದರೆ ಹಡಗನ್ನು ಬೈಯಬೇಡಿ.

ಭಾವ ಭಾವನನ್ನು ಗೇಲಿ ಮಾಡದಿದ್ದರೆ ಊರಿಗೇ ಕೇಡು ಎಂದು ನೀನೇ ಹೇಳುತ್ತೀಯಲ್ಲ, ಅದಕ್ಕೆ ಆ ಕೆಲಸ ಮೊದಲು ಮುಗಿಸಿದೆ.

ಶಿಕ್ಷೆಯ ಸುದ್ದಿ ರೇಡಿಯೋದಲ್ಲಿ ಕೇಳಿರುತ್ತೀ. ಹನ್ನೆರಡು ವರ್ಷ. ಅದರಲ್ಲಿ ಹನ್ನೊಂದು ಮುಗಿಯುವ ತನಕ ಪೆರೋಲ್ ಎಂದು ಬಾಯಿ ತೆರೆಯುವಂತಿಲ್ಲ. ಮೇಲಿನ ಕೋರ್ಟಿಗೆ ಹೋಗಲು ಮೂವತ್ತು ದಿನ ಇತ್ತು, ಅದೂ ಮುಗಿಯಿತು. ನಾನು ಹೋಗಲಿಲ್ಲ. ಜೊತೆಯಲ್ಲಿರುವವರು, "ತಲೆ ಕೆಟ್ಟಿದ್ಯಾ ನಿಂಗೆ? ಒಂದು ಅರ್ಜಿ ಗೀಚೋಕೆ ಕೈ ನೋವಾ?" ಎಂದು ಬೈದರು. ಅವರಿಗೇನು ಗೊತ್ತು? ನಮ್ಮ ದೊಡ್ಡಪ್ಪ ರೇವಾದಿಂದ ಬಂದು, ನಿನ್ನ ಮನೆಯ ಚಾಪೆಯ ಮೇಲೆ ತಲೆ ತಗ್ಗಿಸಿ ಕೂತು, ನಿನ್ನ ಕೈಗೆ ತಂಬುವಾ ಇಟ್ಟಿದ್ದಾನೆ. ತಪ್ಪಾಯಿತೆಂದು ತಿಮಿಂಗಿಲದ ಹಲ್ಲು ಕೊಟ್ಟು ಶರಣಾದವನು, ಮಾರನೆಯ ದಿನ ಶಿಕ್ಷೆ ಜಾಸ್ತಿಯಾಯಿತೆಂದು ತಲೆ ಎತ್ತುವುದು ಯಾವ ಮರ್ಯಾದೆ?

ನಿನ್ನ ತಮ್ಮ ಸೆತಾ ನನ್ನ ಕೈಯಿಂದ ಸತ್ತ. ಇದೊಂದು ಸಲ ಬರೆದೆ. ನೀನು ತಂಬುವಾ ತೆಗೆದುಕೊಂಡ ದಿನವೇ ಆ ಮಾತು ಮಣ್ಣಿಗೆ ಹೋಯಿತು. ಇನ್ನು ನಾನು ಎತ್ತುವುದಿಲ್ಲ.

ಲಿತಿಯಾ ಹೇಗಿದ್ದಾಳೆ? ನಿನ್ನ ತಂಗಿ ಹೇಗಿದ್ದಾಳೆಂದಲ್ಲ, ನನ್ನ ಹೆಂಡತಿ ಹೇಗಿದ್ದಾಳೆಂದು ಕೇಳುತ್ತಿದ್ದೇನೆ. ಮೂರು ಪತ್ರ ಹಾಕಿದೆ, ಒಂದಕ್ಕೂ ಉತ್ತರ ಬಂದಿಲ್ಲ. ನಮ್ಮ ಮಗಳು ವಲೇಸಿಗೆ ಆರು ತುಂಬಿತು. ಮುಂದಿನ ಹಲ್ಲು ಬಿತ್ತೇ?

ನಿನ್ನ ಮನೆ ಅಳಿಯ,
ಇನೋಕೆ


ಕಂಡಾವು
೨ ಮೇ ೨೦೧೩

ಕೆಸರಿನಲ್ಲಿ ಹುಟ್ಟಿದ ಭಾವನಿಗೆ,

ರೇವಾ ನದಿಯ ಕೆಸರಿನಲ್ಲಿ ಏಡಿ ಹಿಡಿದು ಬೆಳೆದವನು ನಮ್ಮ ಯಂಗೋನಾದ ಬಗ್ಗೆ ಮಾತಾಡುತ್ತಾನೆ! ಮೂರು ಕರಟ ಕುಡಿದರೆ ಗೋಡೆ ಹಿಡಿದು ನಡೆಯುತ್ತಿದ್ದವನು ಯಾರೆಂದು ನಿಮ್ಮ ಸಾಹೇಬರಿಗೆ ನಾನೂ ಬರೆಯಬಲ್ಲೆ. ಸಾಹೇಬರೇ, ಅವನೇ.

ಇಲ್ಲಿ ಕೆಸುವಿನ ಗೆಡ್ಡೆ ಚೆನ್ನಾಗಿ ಬಂದಿದೆ. ಚರ್ಚಿನ ಸೂರಿಗೆ ಹೊಸ ತಗಡು ಬಂತು, ಹೊಡೆಯುವವರಿಲ್ಲ. ಪಾದ್ರಿಯ ಹಂದಿ ನಿನ್ನ ಮರಗೆಣಸಿನ ತೋಟಕ್ಕೆ ನುಗ್ಗಿ ಎರಡು ಸಾಲು ಮುಗಿಸಿತು. ಕೇಳಲು ಹೋದರೆ ಪಾದ್ರಿ, "ಎಲ್ಲಾ ದೇವರಿಚ್ಛೆ, ಅಪೊರೋಸಾ" ಎಂದರು. "ಹಾಗಾದ್ರೆ ಭಾನುವಾರ ಆ ಹಂದಿ ನಮ್ಮ ಒಲೆ ಸೇರಿದ್ರೆ ಅದೂ ದೇವರಿಚ್ಛೆ ಅಂದ್ಕೊಳ್ಳಿ" ಎಂದೆ. ಅಂದಿನಿಂದ ಹಂದಿಯನ್ನು ಕಟ್ಟಿಹಾಕಿದ್ದಾರೆ.

ವಲೇಸಿಯ ಹಲ್ಲು ಒಂದಲ್ಲ, ಎರಡು ಬಿದ್ದಿವೆ. ಹಡಗು ಬರುವ ದಿನ ನನ್ನ ಜೊತೆ ದಡಕ್ಕೆ ಬರುತ್ತಾಳೆ. "ಮಾವ, ಅಪ್ಪ ಯಾವ ಹಡಗಲ್ಲಿ ಬರ್ತಾನೆ?" ಎಂದು ಕೇಳುತ್ತಾಳೆ. "ಮುಂದಿನದ್ರಲ್ಲಿ" ಎನ್ನುತ್ತೇನೆ. ಅವಳು ನಂಬುತ್ತಾಳೆ, ಮತ್ತೆ ಮುಂದಿನ ವಾರ ಕೇಳುತ್ತಾಳೆ.

ಮನೆಯವರೆಲ್ಲ ಕ್ಷೇಮ. ಬಿಸಿಲಿನಲ್ಲಿ ಕೆಲಸ ಮಾಡುವಾಗ ತಲೆಗೆ ಬಟ್ಟೆ ಕಟ್ಟಿಕೋ.

ಅಪೊರೋಸಾ


ಜೈಲು
೯ ಸೆಪ್ಟೆಂಬರ್ ೨೦೧೩

ಭಾವ,

"ಮನೆಯವರೆಲ್ಲ ಕ್ಷೇಮ" ಎಂದು ಬರೆದಿದ್ದೀ. ಲಿತಿಯಾಳ ಹೆಸರು ಬರೆಯಲು ನಿನ್ನ ಪೆನ್ನಿನಲ್ಲಿ ಶಾಯಿ ಸಾಲಲಿಲ್ಲವೇ? ಹೋಗಲಿ ಬಿಡು. ಈಗ ಬೇರೆ ವಿಷಯ.

ಉಚಿತವಾಗಿ ಕೇಸು ನಡೆಸಿಕೊಡುವ ಒಬ್ಬ ವಕೀಲೆ ಇಲ್ಲಿಗೆ ಬರುತ್ತಾಳೆ. ಹೆಸರು ಸುಭಾಷಿಣಿ ಗೌಂಡರ್, ನಾವೆಲ್ಲ ಗೌಂಡರಮ್ಮ ಎನ್ನುತ್ತೇವೆ. ಗಿಡ್ಡ ಹೆಂಗಸು, ಚೀಲ ಅವಳಿಗಿಂತ ದೊಡ್ಡದು. ನನ್ನ ಪಕ್ಕದವನನ್ನು ನೋಡಲು ಬಂದವಳು ನನ್ನ ಕಾಗದವನ್ನೂ ಇಸಿದುಕೊಂಡು ನೋಡಿದಳು.

"ಹನ್ನೆರಡಕ್ಕೆ ಹನ್ನೊಂದಾ? ಯಾಕಪ್ಪಾ ಸುಮ್ನೆ ಕೂತಿದ್ದೀಯ?"

"ತಂಬುವಾ ಕೊಟ್ಟಾಗಿದೆ ಅಮ್ಮ. ತಲೆ ತಗ್ಗಿಸಿದವನು ಕೇಳಬಾರ್ದು."

"ತಂಬುವಾ ಕೊಟ್ರಾ? ಅವರು ತಗೊಂಡ್ರಾ? ಕೋರ್ಟಲ್ಲಿ ಅದನ್ನ ಯಾರು ಹೇಳಿದ್ರು?"

"ಯಾರೂ ಇಲ್ಲ. ಮುಗಿದುಹೋದ ಮಾತು ಮತ್ತೆ ಎತ್ತೋ ಹಾಗಿಲ್ವಲ್ಲ."

ಅವಳು ಹಣೆ ಚಚ್ಚಿಕೊಂಡಳು. ಆಮೇಲೆ ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು. "ನೋಡು, ಹನ್ನೆರಡು ಅನ್ನೋದು ನೀನು ಮಾಡಿದ್ದಕ್ಕೆ. ಪೆರೋಲ್ ಇಲ್ಲದ ವರ್ಷ ಅನ್ನೋದು ಬೇರೆ ಲೆಕ್ಕ. ಅದು ಮುಗಿದ ಮೇಲೆ, ಈ ಮನುಷ್ಯ ಬದಲಾಗಿದ್ದಾನಾ ಅಂತ ಒಂದು ಸಲ ತಿರುಗಿ ನೋಡ್ಬೇಕು. ಹನ್ನೊಂದು ಅಂತ ಇಟ್ಟುಬಿಟ್ರೆ ನೀನು ಬದಲಾದ್ರೂ ಒಂದೇ, ಬದಲಾಗದಿದ್ರೂ ಒಂದೇ. ಯಾರಿಗೋಸ್ಕರ ಬದಲಾಗ್ತೀಯ?" ತಡವಾದರೂ ಕಾರಣ ಕೊಟ್ಟು ಮೇಲಿನ ಕೋರ್ಟನ್ನು ಕೇಳಬಹುದಂತೆ.

ಭಾವ, ಆಗ ವಲೇಸಿಯ ನೆನಪಾಯಿತು. ಹನ್ನೊಂದು ವರ್ಷವೆಂದರೆ ಅವಳಿಗೆ ಹದಿನೇಳು. ನಾನು ಮರ್ಯಾದೆ ಎಂದುಕೊಂಡು ಕೂತದ್ದು ಅವಳ ಬಾಲ್ಯದ ಮೇಲೆ ಎಂದು ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಗೌಂಡರಮ್ಮ ತೀರ್ಪಿನ ಹಾಳೆ ಓದಿ ಹೇಳಿದಳು. ನನಗೆ ಪಶ್ಚಾತ್ತಾಪ ಇಲ್ಲವಂತೆ, ಜಡ್ಜ್ ಕೇಳಿದಾಗ ತಲೆ ತಗ್ಗಿಸಿ ಸುಮ್ಮನೆ ನಿಂತಿದ್ದೆನಂತೆ. ತಲೆ ತಗ್ಗಿಸದೆ ಎದೆ ಸೆಟೆಸಿ ನಿಲ್ಲಬೇಕಿತ್ತೇ? ಅದರ ಕೆಳಗೆ ಇನ್ನೊಂದು ಸಾಲು: "ಮೃತನ ಕುಟುಂಬದವರು ಈ ವಿಷಯವನ್ನು ಅಧಿಕಾರಿಯೊಂದಿಗೆ ಮಾತನಾಡಲು ಒಪ್ಪಲಿಲ್ಲ."

ಮೃತನ ಕುಟುಂಬದ ಹಿರಿಯ ಎಂದರೆ ನೀನೇ ತಾನೇ? ತಂಬುವಾ ತೆಗೆದುಕೊಂಡ ಕೈಯಿಂದಲೇ ಬಾಯಿ ಮುಚ್ಚಿಕೊಂಡೆಯಾ? ನಾನು ಇಲ್ಲೇ ಕೊಳೆಯಲಿ ಎಂದು ನಿನ್ನ ಮನಸ್ಸಿನಲ್ಲಿದ್ದರೆ ನೇರವಾಗಿ ಬರೆದುಬಿಡು. ತಮಾಷೆಯ ನಡುವೆ ಸುತ್ತಿ ಕಳಿಸಬೇಡ.

ಇನೋಕೆ


ಕಂಡಾವು
೧ ಅಕ್ಟೋಬರ್ ೨೦೧೩

ಭಾವ,

ನಿನ್ನ ಪತ್ರ ಓದಿ ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು. ನಡೆದದ್ದು ಹೇಳುತ್ತೇನೆ.

ಕಳೆದ ಫೆಬ್ರುವರಿಯಲ್ಲಿ ಹಡಗಿನಿಂದ ಒಬ್ಬ ಹುಡುಗಿ ಇಳಿದಳು. ಕೈಯಲ್ಲಿ ಫೈಲು, ಕಾಲಲ್ಲಿ ಶೂ. ಸುವಾದಲ್ಲೇ ಹುಟ್ಟಿ ಬೆಳೆದವಳು. ಕೋರ್ಟಿಗೆ ವರದಿ ಬರೆಯಬೇಕು ಎಂದಳು. ಮನೆಗೆ ಬಂದವಳನ್ನು ಹಾಗೇ ಕಳಿಸಲಾಗುತ್ತದೆಯೇ? ತೆಂಗಿನ ಹಾಲಿನಲ್ಲಿ ಮೀನು ಬೇಯಿಸಿ, ಗೆಡ್ಡೆ ಇಟ್ಟು ಊಟ ಹಾಕಿದೆವು. ಉಂಡ ಮೇಲೆ ಫೈಲು ತೆಗೆದಳು.

"ಅಪ್ಪಾಜಿ, ನಿಮ್ಮ ತಮ್ಮನ ವಿಷಯದಲ್ಲಿ ನಿಮಗೇನನ್ನಿಸುತ್ತೆ?"

"ಇನ್ನೊಂದು ತುಂಡು ಮೀನು ಹಾಕ್ಕೊಳಮ್ಮ."

"ಇನೋಕೆನ ಕ್ಷಮಿಸಿದ್ದೀರಾ?"

"ವಾಪಸ್ ಹಡಗು ನಾಲ್ಕು ಗಂಟೆಗೆ. ಸಮುದ್ರ ಸ್ವಲ್ಪ ಜೋರಾಗಿದೆ, ಹೊಟ್ಟೆ ಗಟ್ಟಿ ಮಾಡ್ಕೊಂಡು ಹೋಗು."

ನಾನು ಇನ್ನೇನು ಹೇಳಲಿ? ತಂಬುವಾ ತೆಗೆದುಕೊಂಡವನು ಆ ಮಾತನ್ನು ಮತ್ತೆ ನಾಲಿಗೆಯ ಮೇಲೆ ತಂದರೆ ತೆಗೆದುಕೊಂಡದ್ದೇ ಸುಳ್ಳಾದ ಹಾಗೆ. ನಿನ್ನ ಮೇಲೆ ನನಗೆ ದೂರಿಲ್ಲ ಎಂದು ತೋರಿಸಲು ಇದ್ದ ದಾರಿ ಸುಮ್ಮನಿರುವುದೊಂದೇ. ಆ ಹುಡುಗಿ ಹೊಟ್ಟೆ ತುಂಬ ಉಂಡು, ಮೀನಿಗೆ ಥ್ಯಾಂಕ್ಸ್ ಹೇಳಿ, ಹೋಗಿ ಹೀಗೆ ಬರೆದಿದ್ದಾಳೆ. ಅವಳ ತಪ್ಪೂ ಅಲ್ಲ. ನನ್ನ ಮೌನವನ್ನು ನಾನು ಬಂಗಾರ ಎಂದುಕೊಂಡಿದ್ದೆ.

ಗೌಂಡರಮ್ಮನಿಗೆ ಹೇಳು, ಕಾಗದ ಕಳಿಸಲಿ. ತಂಬುವಾ ಬಂದದ್ದು, ನಾನು ತೆಗೆದುಕೊಂಡದ್ದು, ಎಲ್ಲವನ್ನೂ ಬರೆದು ಸಹಿ ಹಾಕುತ್ತೇನೆ. ರೂಢಿ ಮುರಿದ ಪಾಪ ನನಗಿರಲಿ.

ನಿನ್ನನ್ನು ಕೊಳೆಸುವ ಆಸೆ ನನಗಿಲ್ಲ ಕಣೋ. ನಿನ್ನನ್ನು ಬಿಟ್ಟರೆ ಗೇಲಿ ಮಾಡಲು ನನಗೆ ಈ ಊರಿನಲ್ಲಿ ಯಾರಿದ್ದಾರೆ?

ಅಪೊರೋಸಾ


ಜೈಲು
೪ ನವೆಂಬರ್ ೨೦೧೩

ನನ್ನ ಬಂಗಾರದ ಭಾವ,

ನಿನ್ನ ಪತ್ರ ಬಂದ ದಿನ ಇಲ್ಲಿ ಎರಡು ಸಲ ಊಟ ಮಾಡಿದೆ. ಪಕ್ಕದವನ ಪಾಲನ್ನೂ ತಿಂದೆ. ನಿನ್ನ ಬಗ್ಗೆ ಕೆಟ್ಟದ್ದು ಯೋಚಿಸಿದ್ದಕ್ಕೆ ನನ್ನ ಕಿವಿ ಹಿಂಡು.

ಗೌಂಡರಮ್ಮ ಕಾಗದದ ಕಟ್ಟು ಹಡಗಿಗೆ ಹಾಕಿಸಿದ್ದಾಳೆ. ದಪ್ಪವಿದೆ ಎಂದು ಹೆದರಬೇಡ. ಕೋರ್ಟಿನವರಿಗೆ ಒಂದೇ ಮಾತನ್ನು ಹತ್ತು ಕಡೆ ಬರೆಯುವ ಚಾಳಿ. ನೀನು ಎಲ್ಲವನ್ನೂ ಓದುತ್ತಾ ಕೂರಬೇಕಾಗಿಲ್ಲ, ನಿನ್ನ ಕಣ್ಣೂ ಸರಿಯಿಲ್ಲ. ಕೊನೆಯ ಹಾಳೆಯಲ್ಲಿ ನಿನ್ನ ಹೇಳಿಕೆ ಇದೆ. ಅದಕ್ಕೆ ಪಾದ್ರಿಯ ಎದುರು ಸಹಿ ಹಾಕಿ ಮುಂದಿನ ಹಡಗಿಗೆ ಕಳಿಸಿದರೆ ಸಾಕು.

ವಲೇಸಿಗೆ ಹೇಳು, ಅಪ್ಪ ಬರುವ ಹಡಗು ಸ್ವಲ್ಪ ಹತ್ತಿರವಾಗಿದೆ ಎಂದು.

ಇನೋಕೆ


ಜೈಲು
೧೬ ಫೆಬ್ರುವರಿ ೨೦೧೪

ಭಾವ,

ಕ್ರಿಸ್ಮಸ್ ಆಯಿತು, ಹೊಸ ವರ್ಷ ಆಯಿತು, ನಿನ್ನ ಕಾಗದ ಬಂದಿಲ್ಲ. ಚಂಡಮಾರುತ ಆ ಕಡೆ ತಿರುಗಿತ್ತೆಂದು ಕೇಳಿದೆ. ಹಡಗು ಓಡುತ್ತಿಲ್ಲವೇ? ಗೌಂಡರಮ್ಮ ಎರಡು ಸಲ ಕೇಳಿದಳು. "ಬರುತ್ತೆ ಅಮ್ಮ, ನಮ್ಮ ಭಾವ ಯಂಗೋನಾ ಕುಡಿದು ಮಲಗಿರ್ತಾನೆ" ಎಂದೆ. ಅವಳು ನಗಲಿಲ್ಲ.

ಒಂದು ಸಾಲು ಬರೆ.

ಇನೋಕೆ


ಜೈಲು
೨೨ ಜೂನ್ ೨೦೧೪

ಅಪೊರೋಸಾ,

ನಿಮ್ಮ ಊರಿನ ಹುಡುಗನೊಬ್ಬ ಕಳ್ಳತನದ ಕೇಸಿನಲ್ಲಿ ಇಲ್ಲಿಗೆ ಬಂದಿದ್ದಾನೆ. ಹಡಗು ಒಂದು ವಾರವೂ ತಪ್ಪಿಲ್ಲವಂತೆ.

ಹಾಗಾದರೆ ನೀನು ಓದಿದ್ದೀ. ಮೂರನೆಯ ಹಾಳೆ.

ಅದರಲ್ಲಿ ಬರೆದಿರುವುದು ನಿಜ. ಬೇರೆ ಏನು ಬರೆಯಲೂ ನನಗೆ ಮುಖವಿಲ್ಲ. ಸಹಿ ಹಾಕದಿದ್ದರೆ ಹಾಕಬೇಡ.

ಇನೋಕೆ


ಕಂಡಾವು
೩೦ ಆಗಸ್ಟ್ ೨೦೧೪

ಇನೋಕೆ,

ಕಾಗದದ ಕಟ್ಟು ನವೆಂಬರಿನಲ್ಲೇ ಬಂತು. ಕೊನೆಯ ಹಾಳೆ ಸಾಕು ಎಂದು ನೀನು ಬರೆಯದೇ ಇದ್ದಿದ್ದರೆ ನಾನು ಅದೊಂದನ್ನೇ ನೋಡಿ ಸಹಿ ಹಾಕುತ್ತಿದ್ದೆನೋ ಏನೋ. ಓದಬೇಡ ಎಂದ ಮೇಲೆ ಓದದೆ ಇರುವವರು ಯಾರು? ಮೂರನೆಯ ಹಾಳೆಯಲ್ಲಿ ಹೀಗಿತ್ತು: "ಮೊದಲನೆಯ ಏಟಿಗೆ ಮೃತನು ಮಂಡಿಯೂರಿ ಕುಸಿದನು. ಅನಂತರ ಆರೋಪಿಯು ಅದೇ ದೋಣಿಹುಟ್ಟಿನಿಂದ ಎರಡನೆಯ ಸಲ ಅವನ ತಲೆಗೆ ಹೊಡೆದನು."

ಒಂದು ಏಟು ಎಂದು ನಿನ್ನ ದೊಡ್ಡಪ್ಪ ಹೇಳಿದ್ದ. ಸೆತಾ ಕೇಳದೆ ನಿನ್ನ ದೋಣಿ ತೆಗೆದುಕೊಂಡು ಹೋಗಿ ಬಂಡೆಗೆ ಬಡಿದು ಇಂಜಿನ್ ಹಾಳು ಮಾಡಿದ, ನೀನು ಕುಡಿದ ಅಮಲಿನಲ್ಲಿ ಒಂದು ಸಲ ಹುಟ್ಟು ಬೀಸಿದೆ, ಅವನು ಕಲ್ಲಿನ ಮೇಲೆ ಬಿದ್ದ ಎಂದಿದ್ದ. ನಾನು ತಂಬುವಾ ತೆಗೆದುಕೊಂಡದ್ದು ಆ ಒಂದು ಏಟಿಗೆ. ನೀನು ಕೋರ್ಟಿನಲ್ಲಿ ಎರಡೂ ಒಪ್ಪಿಕೊಂಡಿದ್ದೀ. ಗೊತ್ತಿಲ್ಲದವರ ಎದುರು ಒಪ್ಪಿಕೊಂಡೆ, ನನ್ನ ಎದುರು ಮುಚ್ಚಿಟ್ಟೆ.

ಅಮ್ಮ ಹೋದಾಗ ಸೆತಾನಿಗೆ ನಾಲ್ಕು ವರ್ಷ. ಅವನಿಗೆ ಊಟ ಹಾಕಿದವನು ನಾನು, ಈಜು ಕಲಿಸಿದವನು ನಾನು. ಅವನು ಸತ್ತಾಗ ನಾನು ಅಳಲೂ ಇಲ್ಲ. ತಂಬುವಾ ತೆಗೆದುಕೊಂಡ ಹಿರಿಯ ಅಳುತ್ತಾ ಕೂತರೆ ನಿಮ್ಮವರನ್ನು ಚುಚ್ಚಿದ ಹಾಗಾಗುತ್ತದೆ ಎಂದು ನುಂಗಿಕೊಂಡೆ. ಕಾಗದ ಓದಿದ ದಿನ ತೋಟಕ್ಕೆ ಹೋಗಿ ಅತ್ತೆ. ಮಂಡಿಯೂರಿ ಕುಸಿದವನು ನಿನ್ನನ್ನು ನೋಡಿದನೇ? ಏನಾದರೂ ಅಂದನೇ? ಇದನ್ನು ಕೇಳಬಾರದೆಂದು ಒಂಬತ್ತು ತಿಂಗಳು ಪೆನ್ನು ಮುಟ್ಟಲಿಲ್ಲ.

ಮೊನ್ನೆ ತಂಬುವಾ ತೆಗೆದು ಬಟ್ಟೆಯಲ್ಲಿ ಸುತ್ತಿದೆ. ರೇವಾಕ್ಕೆ ಹೋಗಿ ನಿಮ್ಮವರ ಎದುರು ಇಟ್ಟು ಬರುವುದೆಂದು ಹೊರಟೆ. ಲಿತಿಯಾ ಬಾಗಿಲಿಗೆ ಅಡ್ಡ ನಿಂತಳು. ಅಣ್ಣ ತಂಗಿ ಎದುರುಬದುರು ನಿಂತು ಮಾತಾಡುವುದು ನಮ್ಮಲ್ಲಿಲ್ಲ, ನಿನಗೆ ಗೊತ್ತು. ದೊಡ್ಡವರಾದ ಮೇಲೆ ನಾವಿಬ್ಬರೂ ಮಾತಾಡಿದ್ದು ಬೇರೆಯವರ ಬಾಯಿಂದಲೇ. ಅಂದು ಅವಳೇ ಬಾಯಿಬಿಟ್ಟಳು.

"ಎಲ್ಲಿಗೆ ಅಣ್ಣ?"

"ವಾಪಸ್ ಕೊಡೋಕೆ. ಎರಡು ಏಟಂತೆ."

"ಗೊತ್ತು."

"ನಿಂಗೆ ಹ್ಯಾಗೆ ಗೊತ್ತು?"

"ಅಲ್ಲೇ ದಡದಲ್ಲಿ ಚಿಪ್ಪು ಆರಿಸ್ತಿದ್ದೆ. ಪೊಲೀಸರಿಗೆ ಹೇಳಿದವಳೂ ನಾನೇ."

"ನಂಗ್ಯಾಕೆ ಹೇಳ್ಲಿಲ್ಲ?"

"ಯಾವಾಗ ಹೇಳ್ಲಿ? ಕೊಟ್ಟವರು ಗಂಡಸರು, ತಗೊಂಡವರು ಗಂಡಸರು. ಚಾಪೆ ಮೇಲೆ ಕೂತು ಮುಗಿಸಿಬಿಟ್ರಿ. ನಾನು ಒಳಗೆ ನಿಮಗೆಲ್ಲ ಗೆಡ್ಡೆ ಬೇಯಿಸ್ತಾ ಇದ್ದೆ. ಸತ್ತವನು ನನ್ನ ತಮ್ಮ, ಕೊಂದವನು ನನ್ನ ಗಂಡ. ಒಬ್ಬರಾದ್ರೂ ಒಳಗೆ ಬಂದು, ಲಿತಿಯಾ, ನಿಂದೇನು ಅಂತ ಕೇಳಿದ್ರಾ?"

ಅವಳು ನನ್ನ ಕೈಯಿಂದ ಗಂಟು ಇಸಿದುಕೊಂಡು ಒಳಗಿಟ್ಟಳು. "ತಗೊಂಡದ್ದು ತಗೊಂಡಾಯ್ತು. ನಿಮ್ಮ ಸಹಿ ನೀವು ಹಾಕಿ. ಆ ವಕೀಲಮ್ಮನಿಗೆ ಹೇಳಿ, ನಂಗೂ ಒಂದು ಹಾಳೆ ಕಳಿಸಲಿ. ನನ್ನ ಮಾತು ನಾನೇ ಬರೆಸ್ತೀನಿ" ಎಂದಳು.

ಸಹಿ ಹಾಕಿ ಇದರ ಜೊತೆ ಕಳಿಸಿದ್ದೇನೆ. ನೀವು ತಂಬುವಾ ಕೊಟ್ಟಿರಿ, ನಾನು ತೆಗೆದುಕೊಂಡೆ. ಅದು ಸುಳ್ಳಲ್ಲ. ಅದನ್ನು ಬಿಟ್ಟು ನಿನಗೆ ಕೊಡಲು ಸದ್ಯಕ್ಕೆ ನನ್ನ ಬಳಿ ಏನೂ ಇಲ್ಲ.

ಅಪೊರೋಸಾ


ಜೈಲು
೧೪ ನವೆಂಬರ್ ೨೦೧೫

ಅಪೊರೋಸಾ,

ಹದಿನಾಲ್ಕು ತಿಂಗಳಾಯಿತು. ನೀನು ಬರೆಯಲಿಲ್ಲ, ನನಗೆ ಬರೆಯುವ ಧೈರ್ಯ ಇರಲಿಲ್ಲ. ಈಗ ತೀರ್ಪು ಬಂದಿದೆ, ನಿನಗೆ ತಿಳಿಸುವುದು ನನ್ನ ಕರ್ತವ್ಯ.

ತಡವಾಗಿ ಬಂದ ಅರ್ಜಿಯನ್ನು ತೆಗೆದುಕೊಳ್ಳಬೇಕೋ ಬೇಡವೋ ಎಂದು ನೋಡಲಿಕ್ಕೇ ಒಂದು ವರ್ಷ ಹಿಡಿಯಿತು. ಆಮೇಲೆ ಮೂವರು ಜಡ್ಜುಗಳ ಎದುರು ನಿಲ್ಲಿಸಿದರು. ಗೌಂಡರಮ್ಮ ಮೊದಲು ನಿನ್ನ ಹೇಳಿಕೆ ಓದಿದಳು. ಆಮೇಲೆ ಲಿತಿಯಾಳದ್ದು. ಅದರಲ್ಲಿ ಏನಿದೆ ಎಂದು ನನಗೆ ಮೊದಲೇ ಹೇಳಿರಲಿಲ್ಲ. "ನೀನು ಅಲ್ಲೇ ಕೇಳಬೇಕು ಅಂತ ಅವಳ ಇಷ್ಟ" ಎಂದಿದ್ದಳು ಅಷ್ಟೇ. ಒಂದು ಅಕ್ಷರವೂ ಮರೆತಿಲ್ಲ, ಬರೆಯುತ್ತೇನೆ.

"ನಾನು ನೋಡಿದೆ. ಎರಡು ಏಟು. ಮೊದಲನೆಯದು ಸಿಟ್ಟು. ಎರಡನೆಯದು ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಅಣ್ಣ ತಂಬುವಾ ತೆಗೆದುಕೊಂಡಿದ್ದಾನೆ. ನಾನು ತೆಗೆದುಕೊಂಡಿಲ್ಲ. ಈ ಮನುಷ್ಯ ನನಗೆ ಬೇಡ, ಎಷ್ಟು ವರ್ಷ ಕಳೆದು ಬಂದರೂ ಬೇಡ. ಆದರೆ ಹಡಗು ಬಂದಾಗಲೆಲ್ಲ ನನ್ನ ಮಗಳು ಅಪ್ಪ ಯಾವುದರಲ್ಲಿ ಬರುತ್ತಾನೆ ಎಂದು ಕೇಳುತ್ತಾಳೆ. ಹನ್ನೊಂದು ವರ್ಷವಾದರೆ ಅವಳಿಗೆ ಹದಿನೇಳಾಗುತ್ತದೆ, ಅಷ್ಟರಲ್ಲಿ ಕೇಳುವುದನ್ನು ಬಿಟ್ಟಿರುತ್ತಾಳೆ. ಅವಳು ಕೇಳುತ್ತಿರುವಾಗಲೇ ಕಳಿಸುವುದಾದರೆ ಕಳಿಸಿ. ಆಮೇಲೆ ಕಳಿಸಿ ಯಾರಿಗೂ ಪ್ರಯೋಜನವಿಲ್ಲ."

ನಡುವೆ ಕೂತಿದ್ದ ಜಡ್ಜ್ ಕನ್ನಡಕ ತೆಗೆದು ಒರೆಸಿಕೊಂಡರು.

ತಂಬುವಾ ಕೊಟ್ಟರೆ ಅಪರಾಧ ಅಳಿಸಿಹೋಗುವುದಿಲ್ಲ, ಹನ್ನೆರಡು ವರ್ಷ ಹಾಗೇ ಇರಲಿ ಎಂದರು. ಆದರೆ ಪಶ್ಚಾತ್ತಾಪ ಇಲ್ಲ ಎಂದು ಬರೆದದ್ದು ತಪ್ಪು, ಹನ್ನೆರಡರಲ್ಲಿ ಹನ್ನೊಂದು ಬಾಗಿಲು ಮುಚ್ಚಿದರೆ ಮನುಷ್ಯನಿಗೆ ತಿದ್ದಿಕೊಳ್ಳಲು ದಾರಿಯೇ ಇರುವುದಿಲ್ಲ ಎಂದರು. ಎಂಟು ಮಾಡಿದರು. ಎಂಟು ವರ್ಷ ಕಳೆದರೆ ಪೆರೋಲ್ ಕೇಳಬಹುದು. ಆಗ ವಲೇಸಿಗೆ ಹದಿನಾಲ್ಕು.

ಇಲ್ಲಿ ಎಲ್ಲರೂ ಬೆನ್ನು ತಟ್ಟಿದರು. ಗೌಂಡರಮ್ಮ ಚೀಲದಿಂದ ಲಾಡು ತೆಗೆದು ಕೊಟ್ಟಳು. ನಾನು ಅದನ್ನು ಪಕ್ಕದವನಿಗೆ ಕೊಟ್ಟೆ. ಮೂರು ವರ್ಷ ಕಡಿಮೆ ಮಾಡಿಸಿದವಳು ನಾನು ಬೇಡ ಎಂದವಳು. ಅವಳನ್ನು ದೂರಲು ನನಗೆ ಬಾಯಿಲ್ಲ. ಎರಡು ವರ್ಷ ನಿನ್ನಿಂದ ಅವಳ ಸುದ್ದಿ ಕೇಳಿ ಕೇಳಿ ಸಾಯುತ್ತಿದ್ದೆನಲ್ಲ, ನೀನು ಯಾಕೆ ಬರೆಯಲಿಲ್ಲವೆಂದು ಈಗ ಅರ್ಥವಾಯಿತು.

ನೀನು ಕೇಳಿದ್ದಕ್ಕೆ ಉತ್ತರ ಕೊಡಬೇಕು. ಸೆತಾ ನನ್ನನ್ನು ನೋಡಿದ. ಮಂಡಿಯ ಮೇಲೆ ಕೂತು ತಲೆ ಎತ್ತಿ, "ಭಾವ" ಎಂದ. ಅಷ್ಟೇ. ಅವನು ಹಾಗೆಂದ ಮೇಲೆ ನಾನು ಹೊಡೆದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಎಂದು ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಆ ಕ್ಷಣದಲ್ಲಿ ಸಿಟ್ಟು ಇಳಿದಿತ್ತು ಅಪೊರೋಸಾ. ಆದರೂ ಹೊಡೆದೆ. ಇದನ್ನು ನಾನು ಪೊಲೀಸರಿಗೂ ಹೇಳಿಲ್ಲ, ಜಡ್ಜಿಗೂ ಹೇಳಿಲ್ಲ. ಸಾಹೇಬರು ಓದಿದರೆ ಓದಲಿ.

ಒಂದೇ ಒಂದು ಕೇಳುತ್ತೇನೆ, ಸುಳ್ಳು ಹೇಳಬೇಡ. ವಲೇಸಿ ಇನ್ನೂ ಕೇಳುತ್ತಾಳೆಯೇ?

ಇನೋಕೆ


ಕಂಡಾವು
೬ ಡಿಸೆಂಬರ್ ೨೦೧೫

ಇನೋಕೆ,

ನಿನ್ನ ಪತ್ರವನ್ನು ಸೆತಾನ ಸಮಾಧಿಯ ಹತ್ತಿರ ಕೂತು ಓದಿದೆ. ಅವನು ಕೊನೆಗೆ ಅಂದ ಮಾತು ನನಗೆ ಗೊತ್ತಾಗಬೇಕಿತ್ತು. ಗೊತ್ತಾದ ಮೇಲೆ ಗೊತ್ತಾಗದಿದ್ದರೇ ಚೆನ್ನಾಗಿತ್ತು ಅನ್ನಿಸುತ್ತಿದೆ. ಆದರೂ ನೀನು ಬರೆದದ್ದು ಒಳ್ಳೆಯದಾಯಿತು.

ಇಲ್ಲ. ಕೇಳುವುದಿಲ್ಲ.

ಲಿತಿಯಾ ಹೇಳಿಕೆ ಬರೆಸಿದ ದಿನ ವಲೇಸಿ ಇನ್ನೂ ಕೇಳುತ್ತಿದ್ದಳು. ಅಮ್ಮನ ಪಕ್ಕದಲ್ಲೇ ನಿಂತು, "ಅಪ್ಪನಿಗಾ ಇದು?" ಎಂದು ಕೇಳಿದ್ದಳು. ಈ ವರ್ಷ ಈಸ್ಟರ್ ಕಳೆದ ಮೇಲೆ ಒಂದು ಮಧ್ಯಾಹ್ನ ಶಾಲೆಯಿಂದ ಬಂದವಳು ನನ್ನ ಎದುರು ನಿಂತಳು. ಚೀಲವನ್ನೂ ಕೆಳಗಿಡಲಿಲ್ಲ.

"ಮಾವ, ಅಪ್ಪ ಸೆತಾ ಮಾಮನ್ನ ಕೊಂದ್ನಂತೆ. ಹೌದಾ?"

ನಾನು ಬಲೆ ಹೆಣೆಯುತ್ತಿದ್ದೆ. ತಲೆ ಎತ್ತಲಿಲ್ಲ. "ಕೈಕಾಲು ತೊಳ್ಕೊ ಹೋಗು, ಗೆಡ್ಡೆ ಆರಿಹೋಗುತ್ತೆ" ಎಂದೆ. ಸುವಾದ ಹುಡುಗಿಗೆ ಮೀನು ಬಡಿಸಿದ ಹಾಗೆ ಇವಳಿಗೆ ಗೆಡ್ಡೆ ಬಡಿಸಿದೆ. ಒಂದು ಸಲ ಸುಮ್ಮನಿದ್ದದ್ದು ನಿನಗೆ ಹೇಗೆ ಮುಳುವಾಯಿತೆಂದು ಗೊತ್ತಿದ್ದೂ ಮತ್ತೆ ಸುಮ್ಮನಾದೆ. ಅವಳು ಚೀಲ ಹೊತ್ತುಕೊಂಡೇ ಒಳಗೆ ಹೋದಳು. ಮಾರನೆಯ ವಾರ ಹಡಗು ಬಂತು, ಅವಳು ದಡಕ್ಕೆ ಬರಲಿಲ್ಲ. ಅಂದಿನಿಂದ ನಿನ್ನ ಹೆಸರು ಅವಳ ಬಾಯಲ್ಲಿ ಬಂದಿಲ್ಲ. ಮೊನ್ನೆ ತೀರ್ಪಿನ ಸುದ್ದಿ ಹೇಳಿದಾಗಲೂ, "ಹೌದಾ" ಎಂದು ಎದ್ದು ಆಡಲು ಹೋದಳು.

ಲಿತಿಯಾಳಿಗೆ ನಿನ್ನ ಪತ್ರ ಓದಿ ಹೇಳಿದೆ. ಈಗ ನಾವು ಮಾತಾಡುತ್ತೇವೆ, ಊರಿನವರು ಏನು ಬೇಕಾದರೂ ಅಂದುಕೊಳ್ಳಲಿ. ಅವಳು ಪತ್ರ ಇಸಿದುಕೊಂಡು ಮಡಿಸಿಟ್ಟಳು. ಆಮೇಲೆ, "ಅವನೇ ಹೇಳ್ಲಿ ಅವಳಿಗೆ. ನಾನು ಹೇಳಿದ್ರೆ ನನ್ನ ಸಿಟ್ಟು ಬರುತ್ತೆ, ನೀವು ಹೇಳಿದ್ರೆ ಮೀನಿನ ಕಥೆ ಬರುತ್ತೆ" ಎಂದಳು.

ಅದಕ್ಕೇ ಬರೆಯುತ್ತಿದ್ದೇನೆ. ಇನ್ನು ಮೇಲೆ ನನಗೆ ಬರೆಯುವುದು ಬಿಡು. ಅವಳಿಗೆ ಬರೆ. ದೊಡ್ಡ ಅಕ್ಷರದಲ್ಲಿ ಬರೆ, ಕೂಡಿಸಿಕೊಂಡು ಓದುತ್ತಾಳೆ. ಎಂಟು ವರ್ಷದ ಮಗು, ಇದನ್ನೆಲ್ಲ ಹೇಗೆ ಹೇಳುವುದು ಎಂದು ಯೋಚಿಸಬೇಡ. ಶಾಲೆಯ ಮಕ್ಕಳು ಆಗಲೇ ಹೇಳಿಯಾಗಿದೆ. ಕುಡಿದಿದ್ದೆ ಎಂದು ಮೊದಲೇ ಬರೆಯಬೇಡ, ಇಂಜಿನ್ ಹಾಳಾಗಿತ್ತು ಎಂದೂ ಬರೆಯಬೇಡ. ನನ್ನಿಂದ ಮುಚ್ಚಿಟ್ಟದ್ದನ್ನು ಅವಳಿಂದ ಮುಚ್ಚಿಡಬೇಡ. ಉತ್ತರ ಬರುತ್ತದೋ ಇಲ್ಲವೋ ನಾನು ಹೇಳಲಾರೆ.

ಎಷ್ಟು ಏಟು ಎಂದು ಅವಳು ಒಂದು ದಿನ ಕೇಳಿಯೇ ಕೇಳುತ್ತಾಳೆ, ಅದನ್ನು ಮೊದಲೇ ಬರೆ. ಎರಡು ಎಂದೇ ಬರೆ.

ಅಪೊರೋಸಾ